ಮಕ್ಕಳ ಆಟ, ಪಾಲಕರ ಹೆಮ್ಮೆ: ಮಾನವೋ ಪ್ರಮೋದವೋ?

ಮಕ್ಕಳ ಏಳಿಗೆಯನ್ನು ಕಂಡು ತಾಯಿತಂದೆಗಳ ಮನಸ್ಸು ಹಿಗ್ಗುವುದು ಲೋಕಸಹಜ. ಆದರೆ ಶ್ರಾವಕಧರ್ಮವನ್ನು ಪಾಲಿಸಬಯಸುವ ಗೃಹಸ್ಥನು ಈ ಹಿಗ್ಗನ್ನೂ ಒಮ್ಮೆ ಪರೀಕ್ಷಿಸಿ ನೋಡಬೇಕಾಗುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಎರಡನೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ ಎಂಬಿವುಗಳನ್ನು ಆಶ್ರಯಿಸಿದ ಎಂಟು ಮದಗಳನ್ನು ಹೇಳಿದ್ದಾರೆ. ‘ಸಂತಾನಮದ’ ಎಂಬುದು ಈ ಪಟ್ಟಿಯಲ್ಲಿಲ್ಲ. ಹಾಗೆಂದು ಅದು ನಿರ್ದೋಷವೆನ್ನಲಾಗದು. ತನ್ನ ಬಲವನ್ನು ತಾನೇ ಹೊಗಳಿಕೊಳ್ಳಲು ನಾಚುವ ಸಜ್ಜನನೂ ಮಗಳ ಬಲವನ್ನು ಹತ್ತು ಜನರೆದುರು ನಿಸ್ಸಂಕೋಚವಾಗಿ ಹೊಗಳುತ್ತಾನೆ. ಬಲಮದವೂ ಕುಲಮದವೂ ವೇಷ ಬದಲಿಸಿ ಒಳಬರುವ ಬಾಗಿಲು ಇದೇ.

ದಾಂಡೇಲಿಯ ಬಂಗೂರನಗರವು ೧೯೫೫ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿಯ ಆಶ್ರಯದಲ್ಲಿ ಬೆಳೆದ ವಸಾಹತು. ನಾನಾ ಪ್ರಾಂತಗಳಿಂದ ಉದ್ಯೋಗಕ್ಕಾಗಿ ಬಂದವರು ಕೂಡಿ ಬಾಳುವ ಇಂತಹ ಊರಿನಲ್ಲಿ ಒಬ್ಬರ ಕುಲಗೋತ್ರ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಅಲ್ಲಿ ‘ಇಂಥವಳ ತಂದೆ’ ಎಂಬುದೇ ದೊಡ್ಡ ಗುರುತಾಗಬಲ್ಲದು. ಮಗಳ ಯಶಸ್ಸು ತಂದೆಯ ಬಂಡವಾಳವಾಗಿ ಮಾರ್ಪಡುವ ಅಪಾಯವೂ ಅಲ್ಲಿಯೇ ಹೆಚ್ಚು.

ಇಂದು ಶಾಲಾ ಕ್ರೀಡಾಕೂಟಗಳಲ್ಲಿ ಆಡಲ್ಪಡುವ ಸಾಫ್ಟ್‌ಬಾಲ್ ಆಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ೧೮೮೭ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ಒಳಾಂಗಣದ ಆಟವಾಗಿ ಹುಟ್ಟಿದ ಇದು ೧೯೯೬ರಿಂದ ೨೦೦೮ರವರೆಗೆ ಮಹಿಳೆಯರ ಒಲಿಂಪಿಕ್ ಕ್ರೀಡೆಯಾಗಿತ್ತು. ೨೦೨೧ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ ಮರಳಿ ಕಾಣಿಸಿಕೊಂಡಿತು. ತಂಡಕ್ಕೆ ಒಂಬತ್ತು ಮಂದಿ, ಏಳು ಸರದಿಗಳು. ಚೆಂಡನ್ನು ಕೈ ಕೆಳಗಿನಿಂದ ಬೀಸಿ ಎಸೆಯಬೇಕು. ಈ ಆಟದಲ್ಲಿ ‘ತ್ಯಾಗದ ಹೊಡೆತ’ ಎಂಬುದೊಂದುಂಟು. ದಾಂಡು ಹಿಡಿದವಳು ಚೆಂಡನ್ನು ಬೇಕೆಂದೇ ಮೆಲ್ಲಗೆ ತಟ್ಟಿ ತಾನು ಔಟಾಗುತ್ತಾಳೆ. ಆ ವೇಳೆಯಲ್ಲಿ ಮುಂದೆ ನಿಂತಿದ್ದ ಜೊತೆಗಾರ್ತಿ ಇನ್ನೊಂದು ನೆಲೆಗೆ ಓಡಿ ಸೇರುತ್ತಾಳೆ. ಅಂಕಪುಸ್ತಕದಲ್ಲಿ ಇದನ್ನು ಅವಳ ಸರಾಸರಿಗೆ ನಷ್ಟವೆಂದು ಹಿಡಿಯುವುದಿಲ್ಲ, ತ್ಯಾಗವೆಂದೇ ಬರೆಯುತ್ತಾರೆ. ಆದರೆ ಗೋಡೆಯ ಮೇಲಿನ ಪ್ರಶಸ್ತಿಪತ್ರಗಳಲ್ಲಿ ಇಂತಹ ಹೊಡೆತಕ್ಕೆ ಸ್ಥಾನವಿರುವುದಿಲ್ಲ. ಪಾಲಕರು ಹೆಮ್ಮೆಪಡಬೇಕಾದುದು ಯಾವುದಕ್ಕೆ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸಕಲ ಜೀವಿಗಳಲ್ಲಿ ಮೈತ್ರಿ, ಗುಣಾಧಿಕರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ಹಿತನುಡಿ ಕೇಳದವರಲ್ಲಿ ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ವಿಧಿಸಿದ್ದಾರೆ. ಪ್ರಮೋದವೆಂದರೆ ಗುಣವನ್ನು ಕಂಡು ಉಂಟಾಗುವ ಸಂತೋಷ. ಗುಣ ಯಾರಲ್ಲಿದೆ ಎಂಬುದು ಅದಕ್ಕೆ ಮುಖ್ಯವಲ್ಲ. ಮಾನಕ್ಕಾದರೋ ಗುಣಕ್ಕಿಂತ ‘ನನ್ನದು’ ಎಂಬುದೇ ಮುಖ್ಯ. ಅದೇ ಗ್ರಂಥವು ಪರಿಗ್ರಹವನ್ನು ವಸ್ತುವೆಂದು ಹೇಳದೆ ಮೂರ್ಛೆಯೆಂದು, ಅಂದರೆ ಮಮತ್ವವೆಂದು ವಿವರಿಸುವುದನ್ನು ಇಲ್ಲಿ ನೆನೆಯಬೇಕು. ಚಿನ್ನಬೆಳ್ಳಿಗೆ ಮಿತಿ ಹಾಕಿಕೊಂಡ ಶ್ರಾವಕನು ಮಗಳ ಪದಕಗಳ ಲೆಕ್ಕದಲ್ಲಿ ಮಿತಿ ಮೀರಬಹುದು.

ಹಾಗಾದರೆ ಪರೀಕ್ಷೆ ಹೇಗೆ? ಎರಡು ಒರೆಗಲ್ಲುಗಳು ಸಾಕು. ಎದುರು ತಂಡದ ಹುಡುಗಿಯೊಬ್ಬಳು ಅದ್ಭುತವಾಗಿ ಆಡಿದಾಗ ಅದೇ ಪಾಲಕರ ಕೈ ಚಪ್ಪಾಳೆಗೆ ಏಳುತ್ತದೆಯೇ? ತಮ್ಮ ಮಗಳು ಸೋತು, ತೀರ್ಪನ್ನು ಒಪ್ಪಿ, ಗೆದ್ದವಳ ಕೈಕುಲುಕಿ ಬಂದ ದಿನವೂ ಆ ಸಂತೋಷ ಉಳಿದಿರುತ್ತದೆಯೇ? ಉಳಿದಿದ್ದರೆ ಅದು ಪ್ರಮೋದ. ಇಲ್ಲವಾದರೆ ಅದು ಫಲವನ್ನು ನೋಡಿ ಬಂದುದು; ಫಲದೊಡನೆಯೇ ಹೋಗುವುದು.

ಈ ಮಾತು ಒಂದು ಮನೆಗೆ ಮಾತ್ರ ಸೀಮಿತವಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಿನಂಚಿನ ಸಿದ್ದಿ ಜನಾಂಗದ ಮಕ್ಕಳನ್ನು ಭಾರತೀಯ ಕ್ರೀಡಾ ಪ್ರಾಧಿಕಾರವು ೧೯೮೦ರ ದಶಕದ ಕೊನೆಯಲ್ಲಿ ವಿಶೇಷ ಯೋಜನೆಯೊಂದರಡಿ ಆಯ್ದು ತರಬೇತಿಗೆ ಕರೆದೊಯ್ದಿತು. ರಾಷ್ಟ್ರಮಟ್ಟದ ಓಟಗಾರರು ಅದರಿಂದ ಹೊರಬಂದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋಯಿತು. ಗೆಲ್ಲುವವರೆಗೆ ‘ನಮ್ಮ ಮಕ್ಕಳು’ ಎನ್ನುವ ಸಮಾಜ ಅನಂತರ ಅವರ ಓದು, ಉದ್ಯೋಗಗಳನ್ನು ವಿಚಾರಿಸದಿದ್ದರೆ ಅದರ ಹೆಮ್ಮೆಯೂ ಮಾನಕಷಾಯವೇ ಆಗುತ್ತದೆ. ಇಂದು ಅದೇ ಜನಾಂಗದ ಹೆಣ್ಣುಮಕ್ಕಳು ಕುಸ್ತಿಗೆ ಹೆಸರಾದ ಹಳಿಯಾಳದಲ್ಲಿ ಕಣಕ್ಕಿಳಿಯುತ್ತಿರುವುದನ್ನು ಕಂಡು ಸಂತೋಷಪಡುವವರು ಈ ಹೊಣೆಯನ್ನೂ ನೆನೆಯಬೇಕು.

ಇಷ್ಟೆಲ್ಲ ತೊಡಕಿದ್ದರೆ ಮಕ್ಕಳನ್ನು ಸ್ಪರ್ಧೆಗೆ ಕಳಿಸುವುದೇ ಬೇಡವೆಂದು ಕೆಲವರು ಹೇಳಬಹುದು. ಆದರೆ ಸ್ಪರ್ಧೆ ಕಷಾಯವನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಒಳಗಿರುವುದನ್ನು ಹೊರಗೆ ತೋರಿಸುತ್ತದೆ. ಭರತ ಬಾಹುಬಲಿಗಳ ನಡುವೆ ದೃಷ್ಟಿ, ಜಲ, ಮಲ್ಲಯುದ್ಧಗಳು ನಡೆದುದು ಸೈನ್ಯಗಳ ರಕ್ತಪಾತವನ್ನು ತಪ್ಪಿಸುವುದಕ್ಕಾಗಿ. ಮೂರರಲ್ಲಿಯೂ ಗೆದ್ದ ಬಾಹುಬಲಿ ಗೆಲುವಿನ ಗಳಿಗೆಯಲ್ಲಿಯೇ ವಿರಕ್ತನಾದನು. ಅವರ ತಂದೆ ವೃಷಭನಾಥನು ಮಗಳು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂದು ಪುರಾಣ ಹೇಳುತ್ತದೆ. ಕಲಿಸುವುದು ಪಾಲಕಧರ್ಮ, ಕಲಿತದ್ದರಿಂದ ಕೀರ್ತಿಯ ಬಡ್ಡಿ ಕೇಳುವುದು ಆ ಧರ್ಮದ ಭಾಗವಲ್ಲ. ಹಾಗೆಯೇ ನಿರ್ಲಿಪ್ತತೆಯ ಹೆಸರಿನಲ್ಲಿ ಮಗಳ ಶ್ರಮವನ್ನು ಕಣ್ಣೆತ್ತಿಯೂ ನೋಡದಿರುವುದು ವೀತರಾಗತೆಯಲ್ಲ, ಉಪೇಕ್ಷೆ ಮಾತ್ರ.

ಆಟದ ನೆಪದಲ್ಲಿ ವ್ರತಗಳೂ ಮರೆತುಹೋಗಬಾರದು. ಸಾಫ್ಟ್‌ಬಾಲ್‌ನ ಕೈಗವಸು ಸಾಮಾನ್ಯವಾಗಿ ಚರ್ಮದ್ದು. ಕೃತಕ ವಸ್ತುವಿನದೂ ದೊರೆಯುತ್ತದೆ. ಶಿಬಿರಗಳಲ್ಲಿ ರಾತ್ರಿಭೋಜನದ ಪ್ರಶ್ನೆ ಬರುತ್ತದೆ. ಮೊದಲೇ ತಿಳಿಸಿದರೆ ಸೂರ್ಯಾಸ್ತಕ್ಕೆ ಮುನ್ನ ಊಟದ ಏರ್ಪಾಡು ಅಸಾಧ್ಯವೇನಲ್ಲ. ಹತ್ತು ಮಂದಿಯ ನಡುವೆ ತನ್ನ ನಿಯಮವನ್ನು ಜಗಳವಿಲ್ಲದೆ ಉಳಿಸಿಕೊಂಡು ಬಂದ ಮಗುವಿನ ಆ ದೃಢತೆ ಯಾವ ಪದಕಕ್ಕೂ ಕಡಿಮೆಯಲ್ಲ.

ದಶಲಕ್ಷಣ ಪರ್ವದ ಎರಡನೆಯ ದಿನ ಉತ್ತಮ ಮಾರ್ದವದ್ದು, ಅಂದರೆ ಮಾನವನ್ನು ಗೆಲ್ಲುವ ಮೃದುತ್ವದ್ದು. ಬಸದಿಯ ಟ್ರಸ್ಟುಗಳು ಮಕ್ಕಳನ್ನು ಸನ್ಮಾನಿಸುವಾಗ ಪದಕ ತಂದವರೊಡನೆ, ಸೋತರೂ ಅಭ್ಯಾಸ ಬಿಡದವರನ್ನೂ ಜೊತೆಗಾರರಿಗಾಗಿ ತಮ್ಮ ಸರದಿಯನ್ನು ಬಿಟ್ಟುಕೊಟ್ಟವರನ್ನೂ ಹೆಸರಿಸಿ ಕರೆಯುವುದು ಉಚಿತ. ಹಾಗೆ ಮಾಡಿದರೆ ಸಭೆಯಲ್ಲಿ ಕುಳಿತ ತಾಯಿತಂದೆಗಳಿಗೂ ಯಾವುದನ್ನು ಕಂಡು ಹಿಗ್ಗಬೇಕೆಂಬುದು ತಾನಾಗಿಯೇ ಮನವರಿಕೆಯಾದೀತು.