ಸೋಲುವವನ ಕೈಯಲ್ಲಿರುವ ಎಲೆ

ಬೆಳಗಾವಿ ಸೀಮೆಯಲ್ಲಿ ಕುಸ್ತಿ ನೋಡಿ ಬೆಳೆದವರನ್ನು ಏಮಾರಿಸುವುದು ಕಷ್ಟ. ಇಬ್ಬರು ಪೈಲ್ವಾನರು ಮೊದಲೇ ಮಾತಾಡಿಕೊಂಡು ಕಣಕ್ಕೆ ಇಳಿದಿದ್ದರೆ ಹುಕ್ಕೇರಿ, ಗೋಕಾಕ ಕಡೆಯ ಹಿರಿಯರು ಎರಡು ಪಟ್ಟು ನೋಡುವುದರೊಳಗೆ ಅದನ್ನು ಹಿಡಿದುಬಿಡುತ್ತಾರೆ. ಸೋತವನಿಗೆ ಅಲ್ಲಿ ಮರ್ಯಾದೆ ಉಂಟು. ಸೋಲಲೆಂದೇ ಬಂದವನಿಗೆ ಇಲ್ಲ. ಆದರೆ ಯಮಕನಮರಡಿಯಂಥ ಊರಿನ ಕಟ್ಟೆಯ ಮೇಲೆ ಇಸ್ಪೀಟಿಗೆ ಕೂತಾಗ ನಾವು ಈ ನ್ಯಾಯವನ್ನು ಮರೆತುಬಿಡುತ್ತೇವೆ. ಎಲೆಯಾಟದಲ್ಲಿ ಬೇಕೆಂದೇ ಸೋತು ಗೆಳೆಯನನ್ನು ಗೆಲ್ಲಿಸುವುದು ದೊಡ್ಡಸ್ತಿಕೆ, ಕೊನೆಯ ಎಲೆಯವರೆಗೂ ಗೆಲ್ಲಲು ನೋಡುವುದು ಸಣ್ಣತನ ಎಂಬ ಮಾತು ಬಂದುಬಿಡುತ್ತದೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ.

101ರ ರಮ್ಮಿಯನ್ನೇ ತೆಗೆದುಕೊಳ್ಳೋಣ. ದುಡ್ಡಿನ ಮಾತಿಲ್ಲ, ಬರೀ ಅಂಕಿಯ ಆಟ. ಪ್ರತಿ ಆಟದಲ್ಲೂ ಸೋತವರ ಕೈಯಲ್ಲಿ ಹೊಂದದೆ ಉಳಿದ ಎಲೆಗಳ ಅಂಕಿ ಅವರವರ ಲೆಕ್ಕಕ್ಕೆ ಸೇರುತ್ತದೆ. 101 ಮುಟ್ಟಿದವನು ಹೊರಗೆ. ಎಲೆ ನೋಡಿದೊಡನೆ ಕೈಬಿಟ್ಟರೆ 20, ನಡುವೆ ಬಿಟ್ಟರೆ 40. ಮೂವರು ಉಳಿದಿದ್ದಾರೆ, ಒಬ್ಬನ ಲೆಕ್ಕ 95. ಅವನು ಕೈಬಿಡುವಂತಿಲ್ಲ, 20 ಸೇರಿದರೂ ಹೊರಗೇ. ಲೈಫ್, ಅಂದರೆ ಜೋಕರ್ ಇಲ್ಲದ ಸರಣಿ, ಕೂಡಿಸಲು ಬೇಕಾದ ಎಲೆಯೂ ಬಂದಿಲ್ಲ. “ನಂದಂತೂ ಮುಗೀತು ಬಿಡ್ರಿ” ಎಂದು, ಪಕ್ಕದಲ್ಲಿ ಕೂತ ಗೆಳೆಯನಿಗೆ ಬೇಕಾದ ಎಲೆಯನ್ನೇ ಹುಡುಕಿ ಒಗೆಯುತ್ತಾನೆ. ಒಗೆದ ಎಲೆಯನ್ನು ಎತ್ತಿಕೊಳ್ಳುವ ಹಕ್ಕು ಪಕ್ಕದವನದು. ಗೆಳೆಯ ಷೋ ಮಾಡಿ ಆಟ ಗೆಲ್ಲುತ್ತಾನೆ. ಎಲೆ ಕದ್ದವರಿಲ್ಲ, ಸನ್ನೆ ಮಾಡಿದವರಿಲ್ಲ. ಹಾಗಾದರೆ ತಪ್ಪೇನು?

ತಪ್ಪು ಮೂರನೆಯವನ ಕಡೆ ತಿರುಗಿದರೆ ಕಾಣುತ್ತದೆ. ಇಬ್ಬರ ಆಟದಲ್ಲಿ ನಾನು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ನಾನೊಬ್ಬನೇ. ಮೂವರು ಕೂತ ಕಡೆ ನನ್ನ ಔದಾರ್ಯದ ಬೆಲೆಯನ್ನು ಮತ್ತೊಬ್ಬ ತೆರುತ್ತಾನೆ. ಅವನು ಬಿದ್ದ ಎಲೆಗಳನ್ನೆಲ್ಲ ನೆನಪಿಟ್ಟಿದ್ದ, ನಮ್ಮಿಬ್ಬರಿಗೂ ಬೇಡವಾದದ್ದು ಯಾವುದು ಎಂದು ಊಹಿಸಿದ್ದ. ಆ ಊಹೆಗೆಲ್ಲ ಒಂದೇ ಆಧಾರ: ಪ್ರತಿಯೊಬ್ಬನೂ ತನ್ನ ಕೈಗಾಗಿ ಆಡುತ್ತಾನೆ ಎಂಬ ನಂಬಿಕೆ. ನಾನು ಆ ನಂಬಿಕೆಯನ್ನೇ ಮುರಿದೆ. ನನ್ನದಲ್ಲದ್ದನ್ನು ದಾನ ಮಾಡಿದೆ.

ಡಚ್ ಇತಿಹಾಸಕಾರ ಯೋಹಾನ್ ಹಾಯ್ಜಿಂಗಾ ಆಟವನ್ನು ಕುರಿತು 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೋಸಗಾರನಿಗೂ ಆಟ ಕೆಡಿಸುವವನಿಗೂ ಅಂತರ ಹೇಳುತ್ತಾನೆ. ಮೋಸಗಾರ ಆಡುವಂತೆ ನಟಿಸುವುದರಿಂದ ಆಟದ ಆವರಣವನ್ನಾದರೂ ಒಪ್ಪಿರುತ್ತಾನೆ. ಕೆಡಿಸುವವನು ಆವರಣವನ್ನೇ ಒಡೆಯುತ್ತಾನೆ. ನಮ್ಮ ಉದಾರಿ ಈ ಎರಡರ ನಡುವೆ ಬರುತ್ತಾನೆ. ಅವನು ನಿಯಮ ಮುರಿಯುವುದಿಲ್ಲ, ಎದ್ದೂ ಹೋಗುವುದಿಲ್ಲ. ಗುರಿಯನ್ನಷ್ಟೇ ಗುಟ್ಟಾಗಿ ಬದಲಿಸಿಕೊಂಡು ಆಡುತ್ತಿರುತ್ತಾನೆ. ಹಿಡಿಯುವುದಕ್ಕೆ ಕಷ್ಟವಾದ್ದರಿಂದ ಇವನು ಹೆಚ್ಚು ಅಪಾಯಕಾರಿ.

1967ರಲ್ಲಿ ಆಂಧ್ರ ಸರ್ಕಾರ ಮತ್ತು ಸತ್ಯನಾರಾಯಣ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಒಗೆಯಬೇಕು ಎಂಬ ಜಾಣ್ಮೆ ಬೇಕು ಎಂಬುದು ಅದು ಕೊಟ್ಟ ಕಾರಣ. ಅಂದರೆ ಅಂದರ್-ಬಾಹರ್‌ನಂಥ ಬರೀ ಅದೃಷ್ಟದ ಆಟದಿಂದ ರಮ್ಮಿಯನ್ನು ಬೇರೆ ಮಾಡುವುದು ಒಗೆಯುವ ಆ ಒಂದು ಕ್ರಿಯೆಯ ಹಿಂದಿನ ವಿಚಾರ. ಗೆಳೆತನಕ್ಕೋ ಹಗೆಗೋ ಎಲೆ ಒಗೆದ ಕ್ಷಣ ಆ ಘನತೆ ಹೋಯಿತು. ಮೂರನೆಯವನ ಪಾಲಿಗೆ ಆಟ ಜೂಜೇ ಆಯಿತು, ಪಣವಿಲ್ಲದಿದ್ದರೂ.

ಆಟ ಇರುವುದು ಸ್ನೇಹಕ್ಕೆ, ಗೆಲ್ಲಲೇಬೇಕೆಂಬ ಹಟ ಮನುಷ್ಯನನ್ನು ಕೆಡಿಸುತ್ತದೆ ಎನ್ನುವವರಿದ್ದಾರೆ. ಅವರು ಮೆಚ್ಚುವ ಉದಾಹರಣೆ ನಮ್ಮ ಭದ್ರಾವತಿಯ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್. 1980ರ ಫೆಬ್ರವರಿ, ಮುಂಬೈಯ ಸುವರ್ಣ ಮಹೋತ್ಸವ ಟೆಸ್ಟ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಔಟೆಂದು ಅಂಪೈರ್ ತೀರ್ಪು ಕೊಟ್ಟಾಗ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ನಾಯಕ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್, ಬೋಥಂ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆದರೆ ಗಮನಿಸಿ: ವಿಶ್ವನಾಥ್ ಗೆಲ್ಲುವ ಆಸೆಯನ್ನು ಬಿಡಲಿಲ್ಲ, ತಾವು ಗಳಿಸದ ವಿಕೆಟ್ಟನ್ನು ಬಿಟ್ಟರು. ಟೇಲರ್ ಮರಳಿ ಬಂದ ಮೇಲೆ ಅವರಿಗೆ ಸುಲಭದ ಚೆಂಡು ಹಾಕಿಸಿದ್ದರೆ ಆ ಕ್ರಿಯೆಗೆ ಬೆಲೆಯೇ ಇರುತ್ತಿರಲಿಲ್ಲ. ನಿಜವಾದ ಗೆಲುವಿನ ಆಸೆ ಇದ್ದವನು ಮಾತ್ರ ಸುಳ್ಳು ಗೆಲುವನ್ನು ಒಲ್ಲೆ ಎನ್ನಬಲ್ಲ.

ಲೀಗ್ ಪಂದ್ಯಗಳಲ್ಲಿ ಬೇಕೆಂದೇ ಸೋಲುವ ಪ್ರಶ್ನೆ ಇನ್ನೂ ತೀಕ್ಷ್ಣ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು, ಇಂಡೋನೇಷ್ಯಾದ ಒಂದು ಜೋಡಿಯನ್ನು ಹೊರಹಾಕಲಾಯಿತು. ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಗುಂಪಿನ ಪಂದ್ಯಗಳಲ್ಲಿ ಅವರು ಗೆಲ್ಲಲು ಯತ್ನಿಸಲೇ ಇಲ್ಲ. ಆಟಗಾರ್ತಿಯರ ತಪ್ಪು ಸರಿ, ಸೋತವರಿಗೆ ಲಾಭ ಸಿಗುವಂತೆ ಪಟ್ಟಿ ಹೆಣೆದವರ ತಪ್ಪೂ ಅಷ್ಟೇ ದೊಡ್ಡದು. ನೀತಿಯನ್ನು ಆಡುವವರ ಮನಸ್ಸಿಗಷ್ಟೇ ಬಿಟ್ಟು ನಿಯಮ ಮಾಡುವವರು ಕೈ ತೊಳೆದುಕೊಳ್ಳುವಂತಿಲ್ಲ.

ಆದ್ದರಿಂದ ಊರಿನ ಗೆಳೆಯರು ಸೇರಿ ಎಲೆಯಾಟದ ಪಂದ್ಯ ನಡೆಸುವುದಾದರೆ ಮೊದಲು ಎರಡು ಕೆಲಸ ಮಾಡಬೇಕು. ಪ್ರತಿ ಆಟಕ್ಕೂ ಕೂರುವ ಜಾಗ ಬದಲಿಸಬೇಕು, ಒಬ್ಬನ ಎಲೆ ಯಾವಾಗಲೂ ಅದೇ ಗೆಳೆಯನಿಗೆ ಸಿಗಬಾರದು. ಮೊದಲ ಸ್ಥಾನಕ್ಕಷ್ಟೇ ಅಲ್ಲದೆ ಎರಡು, ಮೂರನೆಯ ಸ್ಥಾನಕ್ಕೂ ಅಂಕ ಕೊಡಬೇಕು. ಆಗ ಮೊದಲ ಸ್ಥಾನ ಕೈತಪ್ಪಿದವನಿಗೂ ಆಡುವ ಕಾರಣ ಉಳಿಯುತ್ತದೆ.

ಉಳಿದದ್ದು ಆಡುವವನದು. ಗೆಲುವು ತಪ್ಪಿದರೆ ಅದರ ಮುಂದಿನ ಸ್ಥಾನಕ್ಕೆ ಆಡಲಿ, ಅದೂ ತಪ್ಪಿದರೆ ತನ್ನ ಲೆಕ್ಕದಲ್ಲಿ ಒಂದು ಅಂಕಿ ಕಡಿಮೆ ಮಾಡಿಕೊಳ್ಳಲು ಆಡಲಿ. ಯಾರು ಗೆಲ್ಲಬೇಕೆಂದು ತೀರ್ಮಾನಿಸುವ ಅಧಿಕಾರ ಸೋಲುವವನಿಗೆ ಯಾರೂ ಕೊಟ್ಟಿಲ್ಲ. ಎದುರು ಕೂತವರಿಗೆ ಅವನು ತೋರಿಸಬಹುದಾದ ಗೌರವವೆಂದರೆ ತನ್ನ ಪೂರ್ತಿ ಪ್ರಯತ್ನವನ್ನು ಅವರ ಮುಂದಿಡುವುದು. ಅಂಥವನನ್ನು ಸೋಲಿಸಿದಾಗಲೇ ಅವರ ಗೆಲುವಿಗೂ ಬೆಲೆ.