ಊರಿಗೆ ಮರಳಿದ ಮೇಲೆ ಮೊದಲ ಕೆಲಸದ ದಿನ


ಇಂದಿನ ಧಮ್ಮ ಚಿಂತನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದ ಧಮ್ಮ ಬಂಧುಗಳೇ,

ಕಳೆದ ಭಾನುವಾರ ಬುದ್ಧವಂದನೆ ಮುಗಿದ ಮೇಲೆ ಹೊನ್ನಾಳಿ ಕಡೆಯ ಒಬ್ಬ ತಮ್ಮ ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟ. ನಾಲ್ಕು ವರ್ಷ ಗಲ್ಫ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿ ದುಡಿದು ಈಗಷ್ಟೇ ಊರಿಗೆ ಬಂದಿದ್ದಾನೆ. "ಅಲ್ಲಿ ಸುಖ ಏನೂ ಇರಲಿಲ್ಲ ಅಣ್ಣ. ಉರಿಬಿಸಿಲು, ಓವರ್‌ಟೈಮ್, ಒಂದು ರೂಮಿಗೆ ಎಂಟು ಜನ. ಆದರೆ ನಾಲ್ಕು ವರ್ಷದಲ್ಲಿ ಒಬ್ಬನೂ ನನ್ನ ಕೇರಿ ಯಾವುದು ಅಂತ ಕೇಳಲಿಲ್ಲ. ಇಲ್ಲಿ ಬಂದ ಮೇಲೆ ಮೊದಲ ಕೆಲಸಕ್ಕೆ ಹೋದ ಮನೆಯಲ್ಲಿ ನೀರು ಕೇಳಿದೆ. ಚೊಂಬು ಕೈಗೆ ಕೊಡಲಿಲ್ಲ, ಮೇಲಿಂದ ಬೊಗಸೆಗೆ ಹುಯ್ದರು. ಮಾರನೇ ದಿನ ಟೂಲ್ಸ್ ಬ್ಯಾಗ್ ಎತ್ತಲು ಮನಸ್ಸೇ ಬರಲಿಲ್ಲ. ಮತ್ತೆ ಇದಕ್ಕೇ ಹೊಂದಿಕೊಳ್ಳಬೇಕಾ?" ಅಂದ.

ಆಗ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಕೊಡುವಂಥ ಉತ್ತರ ಅಲ್ಲವೂ ಅಲ್ಲ. ಈ ವಾರವಿಡೀ ಅದನ್ನೇ ಯೋಚಿಸಿ ಇಂದು ಬರೆಯುತ್ತಿದ್ದೇವೆ.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಬಾಬಾಸಾಹೇಬರೇ ಎದುರಿಸಿದ್ದರು. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1916ರಲ್ಲಿ ಅಲ್ಲಿಂದ ಲಂಡನ್ನಿಗೆ. ವಿದ್ಯಾರ್ಥಿವೇತನದ ಅವಧಿ ಮುಗಿದಾಗ ಓದನ್ನು ಅರ್ಧಕ್ಕೆ ನಿಲ್ಲಿಸಿ 1917ರಲ್ಲಿ ಮರಳಿದರು. ಓದಿಗೆ ಪ್ರತಿಯಾಗಿ ಬರೋಡ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡುವ ಕರಾರಿತ್ತು. ಕೊಟ್ಟ ಮಾತಿನಂತೆ ಕೆಲಸಕ್ಕೆ ಹೋದರು. ವಿದೇಶದ ವಾಸ ತಾನು ಅಸ್ಪೃಶ್ಯ ಎಂಬ ನೆನಪನ್ನೇ ಮನಸ್ಸಿನಿಂದ ಅಳಿಸಿಹಾಕಿತ್ತು ಎಂದು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಬರೋಡದ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದಾಗ ಎಲ್ಲಿ ಉಳಿಯುವುದು ಎಂಬ ಚಿಂತೆಯೊಡನೆ ಆ ನೆನಪು ಮತ್ತೆ ಎದುರು ನಿಂತಿತು.

ಮುಂದಿನದು ನಿಮಗೆ ಗೊತ್ತು. ಹೆಸರು ಮರೆಮಾಚಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ವಸತಿಗೃಹ ಬಿಡಿಸಿತು. ಆಶ್ರಯ ಕೇಳಿದ ಇಬ್ಬರು ಸ್ನೇಹಿತರೂ ನೆಪ ಹೇಳಿದರು. ಸಾರ್ವಜನಿಕ ಉದ್ಯಾನದಲ್ಲಿ ಕೂತು ಕಾದು ರಾತ್ರಿ ರೈಲಿಗೆ ಮುಂಬೈಗೆ ಹೊರಟರು.

ಬಂಧುಗಳೇ, ಇಲ್ಲಿ ನಾವು ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಬಾಬಾಸಾಹೇಬರು ಆ ಜಾಗ ಬಿಟ್ಟರು, ಕೆಲಸ ಬಿಡಲಿಲ್ಲ. ಮುಂಬೈನಲ್ಲಿ ಮನೆಪಾಠ ಹೇಳಿದರು. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲೂ ಸಹೋದ್ಯೋಗಿಗಳು ನೀರಿನ ಪಾತ್ರೆ ಹಂಚಿಕೊಳ್ಳಲು ತಕರಾರು ತೆಗೆದರು. ಆದರೂ ಪಾಠ ನಿಲ್ಲಲಿಲ್ಲ. 1920ರ ಜನವರಿಯಲ್ಲಿ 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಅದೇ ವರ್ಷ ಅರ್ಧಕ್ಕೆ ನಿಂತ ಓದನ್ನು ಮುಗಿಸಲು ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಬ್ಯಾರಿಸ್ಟರ್ ಆಗಿ ಬಂದು ವಕೀಲಿಕೆ ಹಿಡಿದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು.

ಬರೋಡದಿಂದ ಮಹಾಡಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ. ನಾವು ಮಹಾಡದ ದಿನವನ್ನು ಆಚರಿಸುತ್ತೇವೆ. ಅದಕ್ಕೂ ಮೊದಲಿನ ಆ ಸಾವಿರಾರು ಸಾಮಾನ್ಯ ದಿನಗಳನ್ನು ಮರೆಯುತ್ತೇವೆ. ಬೆಳಗ್ಗೆ ಎದ್ದು ಓದಿದ, ತರಗತಿಗೆ ಹೋದ, ಕಕ್ಷಿದಾರರಿಗೆ ಕಾದ ದಿನಗಳು ಅವು. ಚವದಾರ್ ಕೆರೆಯ ಮೆಟ್ಟಿಲುಗಳನ್ನು ಕಟ್ಟಿದ್ದು ಆ ದಿನಚರಿಯೇ.

ವಿದೇಶದಿಂದ ಬಂದವರಿಗೆ ಎರಡು ತಪ್ಪು ದಾರಿಗಳಿವೆ. ಒಂದು, "ಅಲ್ಲಿ ಹಾಗಿತ್ತು, ಇಲ್ಲೇನಿದೆ" ಎನ್ನುತ್ತಾ ಹಳೆಯ ನೆನಪಿಗೆ ಅಂಟಿಕೊಂಡು ಇಲ್ಲಿನ ಕೆಲಸವನ್ನೂ ಜನರನ್ನೂ ಹಳಿಯುವುದು. ಅದು ಉಪಾದಾನ, ಮನಸ್ಸಿಗೆ ಕಟ್ಟಿಕೊಂಡ ಹಗ್ಗ. ಇನ್ನೊಂದು, "ಊರಿನ ರಿವಾಜು, ಏನು ಮಾಡೋಕಾಗುತ್ತೆ" ಎಂದು ಮತ್ತೆ ಬೊಗಸೆ ಒಡ್ಡುವುದು. ಅದನ್ನು ಸಹನೆ ಎಂದು ಕರೆಯಬೇಡಿ. ಉಪೇಕ್ಷೆ ಎಂದರೆ ಮನಸ್ಸು ಕಲಕದಂತೆ ನೋಡಿಕೊಳ್ಳುವುದು. ಅನ್ಯಾಯ ಕಂಡರೂ ಕಾಣದಂತೆ ಇರುವುದಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಅದನ್ನು ನೆನಪಿಸಿ "ಚೊಂಬು ಕೈಗೆ ಕೊಡಿ, ಇಲ್ಲವಾದರೆ ನೀರು ಬೇಡ" ಎಂದು ಸಿಟ್ಟಿಲ್ಲದೆ, ಅಂಜಿಕೆಯಿಲ್ಲದೆ ಹೇಳುವುದೂ ಸಮ್ಮಾವಾಚೆಯೇ.

ತಥಾಗತರು ಸಂಬೋಧಿಯ ನಂತರ ಕಪಿಲವಸ್ತುವಿಗೆ ಮರಳಿದ ಪ್ರಸಂಗ ನೆನಪಿಸಿಕೊಳ್ಳಿ. ಮಾರನೇ ಬೆಳಗ್ಗೆ ಎಂದಿನಂತೆ ಭಿಕ್ಷಾಪಾತ್ರೆ ಹಿಡಿದು ಬೀದಿಗೆ ಹೊರಟರು. ನಮ್ಮ ವಂಶಕ್ಕೆ ಅವಮಾನ ಎಂದು ತಂದೆ ಶುದ್ಧೋದನ ನೊಂದರು. ಈಗ ನನ್ನ ವಂಶ ಬುದ್ಧರ ವಂಶ, ಇದೇ ಅದರ ರೀತಿ ಎಂಬುದು ಅವರ ಉತ್ತರವಾಗಿತ್ತು. ಹುಟ್ಟೂರು ಹಳೆಯ ಗುರುತನ್ನು ಹೊರಿಸಲು ಬಂದಾಗ ಅವರು ತಮ್ಮ ದಿನಚರಿಯನ್ನು ಬದಲಿಸಲಿಲ್ಲ. ನಾವೂ 1956ರ ಧಮ್ಮದೀಕ್ಷೆಯ ವಂಶದವರು. ಊರು ನಮ್ಮನ್ನು ಏನೆಂದು ಕರೆದರೂ ನಮ್ಮ ದಿನ ಹೇಗಿರಬೇಕು ಎಂದು ತೀರ್ಮಾನಿಸುವವರು ನಾವೇ.

ಒಂದು ಮಾತು ಆ ತಮ್ಮನಿಗೆ ವಿಶೇಷವಾಗಿ. ನೀನು ನಾಲ್ಕು ವರ್ಷ ದೂರವಿದ್ದಾಗ ಮನೆಯ ದಿನಚರಿ ನಿಂತಿರಲಿಲ್ಲಪ್ಪ. ನಿನ್ನ ಅವ್ವ ಅಡಿಕೆ ಸುಲಿಯಲು ಹೋಗಿ ಬಂದು ರಾತ್ರಿ ಒಲೆ ಹಚ್ಚಿದ್ದಾಳೆ. ಬಾಬಾಸಾಹೇಬರು ಹೊರದೇಶದಲ್ಲಿ ಓದುವಾಗ ರಮಾತಾಯಿ ಬಡತನದಲ್ಲಿ ಮನೆ ಹಿಡಿದು ನಿಂತರು. ಹೋಗಿ ಬಂದವರ ಕಥೆಯನ್ನು ಎಲ್ಲರೂ ಕೇಳುತ್ತಾರೆ, ಉಳಿದುಕೊಂಡವರ ಕಥೆಯನ್ನು ನಾವಾಗಿಯೇ ಕೇಳಬೇಕು. ಇವತ್ತು ಸಂಜೆ ಅವ್ವನ ಪಕ್ಕ ಕೂತು "ಈ ನಾಲ್ಕು ವರ್ಷ ನೀನು ಹೇಗೆ ಕಳೆದೆ?" ಎಂದು ಕೇಳು.

ಸಾಲ ಇದ್ದರೆ ಮತ್ತೆ ಗಲ್ಫ್‌ಗೆ ಹೋಗು, ತಪ್ಪಿಲ್ಲ. ಪ್ರಾಮಾಣಿಕ ದುಡಿಮೆ ಎಲ್ಲಿದ್ದರೂ ಸಮ್ಮಾ ಆಜೀವವೇ. ಇಲ್ಲೇ ಉಳಿದರೂ ಸರಿ. ಆದರೆ ಅಲ್ಲಿ ನಾಲ್ಕು ವರ್ಷ ಜಾತಿಯ ಲೆಕ್ಕವಿಲ್ಲದೆ ಬದುಕಿದೆಯಲ್ಲ, ಅದು ಕನಸಾಗಿರಲಿಲ್ಲ. ನಿಜವಾದ ಅಳತೆ ಅದೇ. ಊರನ್ನು ಆ ಅಳತೆಯಿಂದ ಅಳೆ, ನಿನ್ನನ್ನು ಊರಿನ ಅಳತೆಗೆ ಇಳಿಸಿಕೊಳ್ಳಬೇಡ.

ಇಂದಿನ ಅಭ್ಯಾಸ: ಕೆಲಸಕ್ಕೆ ಹೊರಡುವ ಮುನ್ನ ಐದು ನಿಮಿಷ ಆನಾಪಾನ. ಪಂಚಶೀಲ ಒಮ್ಮೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ನೀರನ್ನು ಲೋಟದಲ್ಲಿ, ಕೈಗೆ, ಮುಖ ನೋಡಿ ಕೊಡಿ.

ಎಲ್ಲರಿಗೂ ಮಂಗಳವಾಗಲಿ. ಭಾನುವಾರ ಸಿಗೋಣ.
ಜೈ ಭೀಮ್, ನಮೋ ಬುದ್ಧಾಯ 🙏