ಕರಸ್ಥಲದ ಮುಪ್ಪು

ಶಿವದೀಕ್ಷೆಯಾದ ಭಕ್ತನಿಗೆ ದೇವಾಲಯವು ದೂರದಲ್ಲಿಲ್ಲ. ಗುರುವು ಇಷ್ಟಲಿಂಗವನ್ನು ಕೊಡುವುದು ಅವನ ಕೈಗೆ. ನಿತ್ಯಪೂಜೆಯಲ್ಲಿ ಲಿಂಗಮೂರ್ತಿಯು ಬಿಜಯಂಗೈಯುವುದು ಅವನ ಎಡ ಅಂಗೈಯಲ್ಲಿ. ಲಿಂಗೈಕ್ಯನಾದ ಬಳಿಕ ಸಮಾಧಿಯಲ್ಲಿ ಕುಳ್ಳಿರಿಸುವಾಗಲೂ ಲಿಂಗವನ್ನು ಇರಿಸುವುದು ಅದೇ ಅಂಗೈಯಲ್ಲಿ. ಈ ಎಡೆಯನ್ನು ಶರಣರು ಕರಸ್ಥಲವೆಂದು ಕರೆದರು. ಹೀಗಿರಲು ಕೈಯ ವಿಚಾರವು ಭಕ್ತನಿಗೆ ಸಣ್ಣ ವಿಚಾರವೆನಿಸಲಾರದು. ತನ್ನ ಮುಖವನ್ನು ಮನುಷ್ಯನು ಕನ್ನಡಿಯಲ್ಲಿ ಮಾತ್ರ ಕಾಣಬಲ್ಲನು. ಕೈಯನ್ನಾದರೋ ದಿನವೂ ಪೂಜೆಯ ಹೊತ್ತಿನಲ್ಲಿ ಕಣ್ಣಿನ ಮುಂದೆ ಹಿಡಿಯಲೇಬೇಕು. ಹಾಗೆ ಹಿಡಿದಾಗ ಐವತ್ತು ದಾಟಿದವರ ದೃಷ್ಟಿಯು ಒಮ್ಮೊಮ್ಮೆ ಲಿಂಗದಿಂದ ಜಾರಿ, ಬೆರಳಿನ ಗಂಟಿಗೆ, ಮಣಿಕಟ್ಟಿನ ಸುಕ್ಕಿಗೆ ಬಂದು ನಿಲ್ಲುತ್ತದೆ.

ಕೆಳದಿಯ ವೀರಶೈವ ಅರಸರು ಒಂದು ಕಾಲಕ್ಕೆ ಆಳಿದ ಹೊನ್ನಾವರ ಸೀಮೆಯಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಗೇರುಸೊಪ್ಪೆಯ ಕಡೆ ಶರಾವತಿಯ ದಂಡೆಯಲ್ಲಿ ತೋಟವುಳ್ಳ ಒಂದು ಮನೆ. ಮನೆಯ ಗೃಹಿಣಿಗೆ ಐವತ್ತೆಂಟು ವರ್ಷ. ಮಗನ ನಿಶ್ಚಿತಾರ್ಥಕ್ಕೆ ಬೆಂಗಳೂರಿನಿಂದ ಬೀಗರು ಬಂದರು. ಮಾರ್ಗಶಿರದ ದಿನಗಳು, ಅಡಿಕೆ ಸುಲಿಯುವ ಕೆಲಸ ಇನ್ನೂ ನಡೆದಿತ್ತು. ಆರತಿಯ ಹೊತ್ತಿಗೆ ಆಕೆಯು ತಟ್ಟೆಯನ್ನು ತಂಗಿಯ ಕೈಗೆ ಕೊಟ್ಟು ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಮನೆಗೆ ಬಂದಿದ್ದ ಅಯ್ಯನವರು ಇದನ್ನು ಗಮನಿಸಿದರು.

“ಏನು ತಾಯೀ, ಕೈಗೆ ಏಟಾಯಿತೇ?”

“ಏಟಲ್ಲ ಅಯ್ಯನವರೇ, ವಯಸ್ಸು. ಬೀಗಿತ್ತಿಯವರಿಗೂ ನನ್ನಷ್ಟೇ ವರ್ಷ. ಅವರ ಕೈ ನೋಡಿ, ನನ್ನ ಕೈ ನೋಡಿ. ಅಡಿಕೆಯ ಕರೆ ಹೋಗಿಲ್ಲ, ಅದರ ಮೇಲೆ ಈ ಕಪ್ಪು ಚುಕ್ಕೆಗಳು. ಆರತಿ ಹಿಡಿಯಲಿಕ್ಕೆ ನಾಚಿಕೆಯಾಯಿತು.”

ನಕ್ಕು ಹೇಳಿದಳಾದರೂ ಅದು ನಗೆಯ ಮಾತಾಗಿರಲಿಲ್ಲ. ಅಂದಿನಿಂದ ಆಕೆ ಮನೆಯವರೊಡನೆ ಸಾಲಿನಲ್ಲಿ ಕುಳಿತು ಪೂಜೆ ಮಾಡುವುದನ್ನು ಬಿಟ್ಟು, ಒಳಕೋಣೆಯಲ್ಲಿ ಒಬ್ಬಳೇ ಲಿಂಗಪೂಜೆ ಮುಗಿಸತೊಡಗಿದಳು. ಕೈಯ ಚರ್ಮದ ಮೇಲಿನ ಒಂದು ಸಂಕೋಚವು ಭಕ್ತಳನ್ನು ಪೂಜೆಯ ಪಂಕ್ತಿಯಿಂದ ಎಬ್ಬಿಸಬಲ್ಲದೆಂದ ಮೇಲೆ, ಅದನ್ನು ಹೆಂಗಸರ ಅಲಂಕಾರದ ಮಾತೆಂದು ತಳ್ಳಿಹಾಕುವುದು ಯೋಗ್ಯವಲ್ಲ.

ಇಂತಹ ಸಂದರ್ಭದಲ್ಲಿ ಹಿರಿಯರ ಬಾಯಲ್ಲಿ ಸಿದ್ಧವಾಗಿರುವ ಉತ್ತರವೊಂದುಂಟು: ದೇಹವು ನಶ್ವರ, ಅದರ ಗೊಡವೆ ಏಕೆ? ಈ ಉತ್ತರವು ಕೇಳಲು ವೈರಾಗ್ಯದಂತಿದ್ದರೂ ಶರಣರ ಮತವಲ್ಲ. ಶರೀರವನ್ನೇ ಗುಡಿಯಾಗಿ ಭಾವಿಸಿದ ಬಸವಣ್ಣನವರ ವಚನವು ಮಕ್ಕಳಿಗೂ ಕಂಠಸ್ಥವಾಗಿರುವುದರಿಂದ ಅದನ್ನು ಇಲ್ಲಿ ಉದ್ಧರಿಸಬೇಕಾದ ಅವಶ್ಯಕತೆಯಿಲ್ಲ. ಗುಡಿಯ ಗೋಡೆಗೆ ಸುಣ್ಣ ಬಳಿಯುವುದು ತಪ್ಪಲ್ಲವಾದರೆ, ಕೈಗೆ ಎಣ್ಣೆ ಹಚ್ಚುವುದು ಹೇಗೆ ತಪ್ಪಾದೀತು? ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ ನಿತ್ಯದ ಅಭ್ಯಂಗವನ್ನು ದಿನಚರ್ಯೆಯಲ್ಲಿಯೇ ಸೇರಿಸಿ, ಜರೆಯನ್ನೂ ಶ್ರಮವನ್ನೂ ಅದು ಕಳೆಯುತ್ತದೆಂದು ಹೇಳಿದ್ದಾನೆ. ಆದುದರಿಂದ ಕೈಯನ್ನು ಕಾಪಾಡಬೇಕೇ ಬೇಡವೇ ಎಂಬುದು ಪ್ರಶ್ನೆಯೇ ಅಲ್ಲ. ಯಾವುದಕ್ಕಾಗಿ ಕಾಪಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ವಿಚಾರ.

ಮೊದಲು ಕೈಗೇಕೆ ಮುಪ್ಪು ಬೇಗ ಕಾಣುತ್ತದೆಂಬುದನ್ನು ತಿಳಿಯಬೇಕು. ಮುಂಗೈಯ ಚರ್ಮವು ಬಹಳ ತೆಳು. ಅದರ ಅಡಿಯಲ್ಲಿ ಕೊಬ್ಬಿನ ಹಾಸೂ ಅತಿ ಅಲ್ಪ. ವಯಸ್ಸಾದಂತೆ ಆ ಅಲ್ಪ ಕೊಬ್ಬೂ ಕರಗಲು ನರಗಳೂ ಸ್ನಾಯುಬಂಧಗಳೂ ಎದ್ದು ತೋರುತ್ತವೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರು ಯೌವನದ ನಂತರ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಇಳಿಯುತ್ತ ಹೋಗುತ್ತದೆ. ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷಗಳಲ್ಲಿ ಸ್ತ್ರೀಯರಿಗೆ ಈ ಇಳಿತವು ಬಹಳ ವೇಗವಾಗಿ ಆಗುವುದರಿಂದ, ನಿನ್ನೆ ಮೊನ್ನೆ ಚೆನ್ನಾಗಿದ್ದ ಕೈ ಒಮ್ಮೆಲೇ ಮುದುಕಿಯ ಕೈಯಾಯಿತೆಂದು ಅವರು ಹೇಳುವ ಮಾತಿನಲ್ಲಿ ಸತ್ಯವಿದೆ. ಇದಿಷ್ಟೂ ಕಾಲದ ಕೆಲಸ. ಇದಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡುವವನು ಸೂರ್ಯ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಆಳಕ್ಕಿಳಿದು ಆ ನಾರನ್ನು ಕಡಿಯುತ್ತವೆ. ಮುಂಗೈಯ ಮೇಲಿನ ಕಂದು ಚುಕ್ಕೆಗಳೂ ಅವುಗಳ ಗುರುತೇ. ಈ ಕಿರಣಗಳಲ್ಲಿ ಒಂದು ಬಗೆಯದು ಗಾಜನ್ನೂ ದಾಟಬಲ್ಲದು. ಕರಾವಳಿಯ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಲಾರಿ ನಡೆಸಿದವನ ಕಿಟಕಿಯ ಕಡೆಯ ಬಲಗೈ ಎಡಗೈಗಿಂತ ಮುಪ್ಪಾಗಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಸೆರಗಿನ ಮರೆಯಲ್ಲಿದ್ದ ತೋಳಿನ ಒಳಭಾಗವನ್ನೂ ಮುಂಗೈಯನ್ನೂ ಹೋಲಿಸಿ ನೋಡಿಕೊಂಡರೆ ಕಾಲನು ಮಾಡಿದ್ದೆಷ್ಟು, ಬಿಸಿಲು ಮಾಡಿದ್ದೆಷ್ಟು ಎಂಬುದು ಯಾರಿಗಾದರೂ ತಿಳಿದೀತು.

ಮೂರನೆಯದು ನೀರು. ಹೊನ್ನಾವರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆಷಾಢ ಶ್ರಾವಣಗಳಲ್ಲಿ ಸಸಿ ನೆಡುವವರ ಕೈ ದಿನವಿಡೀ ಕೆಸರಿನಲ್ಲಿ. ಅಳಿವೆಯಲ್ಲಿ ಚಿಪ್ಪಿ ಆರಿಸುವವರ ಕೈ ಉಪ್ಪುನೀರಿನಲ್ಲಿ. ಮನೆಯೊಳಗಿನವರ ಕೈ ಸೋಪು ಹಾಕಿದ ಪಾತ್ರೆಗಳಲ್ಲಿ. ಅಂಗೈಯಲ್ಲಿ ಜಿಡ್ಡನ್ನು ಒಸರುವ ಗ್ರಂಥಿಗಳೇ ಇಲ್ಲ; ಮುಂಗೈಯಲ್ಲಿಯೂ ಅವು ಕಡಿಮೆ. ಇದ್ದ ಜಿಡ್ಡನ್ನು ನೀರೂ ಸೋಪೂ ಒಯ್ದರೆ ಚರ್ಮವು ಬಿರಿಯುತ್ತದೆ. ಸದಾ ಒದ್ದೆಯಾಗಿದ್ದ ಬೆರಳಿಗೆ ಉಗುರುಸುತ್ತೂ ಆಗುತ್ತದೆ. ಹಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಕರೆ. ಕುಮಟೆಯ ಕಡೆ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜ ಒಡೆಯುವವರಿಗೆ ಸಿಪ್ಪೆಯ ಎಣ್ಣೆಯ ಸುಡುವಿಕೆ. ಆ ಎಣ್ಣೆ ತಗುಲಿದ ಚರ್ಮವು ಕಪ್ಪಾಗಿ ಸುಲಿದುಹೋಗುತ್ತದೆಂದೇ ಅವರು ಬೂದಿಯನ್ನೋ ಹರಳೆಣ್ಣೆಯನ್ನೋ ಹಚ್ಚಿಕೊಂಡು ಕೂರುತ್ತಾರೆ. ಇಂತಹ ಕೈಗಳನ್ನು ಮುಪ್ಪಿನ ಕೈಗಳೆಂದು ಕರೆಯುವುದು ಅರ್ಧ ಮಾತ್ರ ಸರಿ.

ಪರಿಹಾರವನ್ನು ಹುಡುಕುವವರು ದೂರ ಹೋಗಬೇಕಾಗಿಲ್ಲ. ಘಟ್ಟದ ಅಡಿಯ ಕಾಡಿನ ಮುರುಗಲ ಹಣ್ಣಿನ ಬೀಜವನ್ನು ಜಜ್ಜಿ ಕುದಿಸಿ ತೆಗೆಯುವ ಮುರುಗಲ ತುಪ್ಪವನ್ನು ಒಡೆದ ಹಿಮ್ಮಡಿಗೂ ಬಿರಿದ ಕೈಗೂ ಹಚ್ಚುವುದು ಈ ಸೀಮೆಯ ಹಳೆಯ ವಾಡಿಕೆ. ಉಪ್ಪಾಗೆ ತುಪ್ಪವೂ ಹಾಗೆಯೇ. ಗಟ್ಟಿಯಾಗಿದ್ದು ಮೈಶಾಖಕ್ಕೆ ಕರಗುವ ಈ ಮುರುಗಲ ತುಪ್ಪವನ್ನೇ ಇಂದು ದೊಡ್ಡ ಕಂಪನಿಗಳು ಕೋಕಮ್ ಬಟರ್ ಎಂಬ ಹೆಸರಿನಲ್ಲಿ ಬೆಲೆಯ ಕ್ರೀಮುಗಳಿಗೆ ಬೆರೆಸುತ್ತಿವೆ. ಅಜ್ಜಿ ಹಚ್ಚಿದಾಗ ಮೂಗು ಮುರಿದ ಮೊಮ್ಮಗಳು ಅದನ್ನೇ ಡಬ್ಬಿಯಲ್ಲಿ ಕೊಳ್ಳುತ್ತಾಳೆ! ಕೈ ತೊಳೆದು ಒರೆಸಿ, ತೇವವು ಪೂರ್ತಿ ಆರುವ ಮೊದಲೇ ಇದನ್ನಾಗಲಿ, ಕೊಬ್ಬರಿ ಎಣ್ಣೆ, ವ್ಯಾಸಲೀನು, ಗ್ಲಿಸರಿನ್ನುಗಳಲ್ಲಿ ಒಂದನ್ನಾಗಲಿ ಹಚ್ಚಬೇಕು. ರಾತ್ರಿ ಹಚ್ಚಿ ಹತ್ತಿಯ ಕೈಗವಸು ಹಾಕಿ ಮಲಗಿದರೆ ಇನ್ನೂ ಒಳ್ಳೆಯದು. ಪಾತ್ರೆ ತೊಳೆಯುವಾಗ ರಬ್ಬರಿನ ಕೈಗವಸು ಹಾಕಿಕೊಳ್ಳುವುದನ್ನು ಬಿಂಕವೆಂದು ಅತ್ತೆಯರು ಹಂಗಿಸಬಾರದು. ಬಿಸಿಲಿಗೆ ಹೋಗುವವರು ಉದ್ದತೋಳಿನ ಅಂಗಿ ತೊಡಲಿ. ಅನುಕೂಲವುಳ್ಳವರು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಮುಂಗೈಗೂ ಹಚ್ಚಿ, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಲಿ. ಮುಖಕ್ಕೆ ಹಚ್ಚಿ ಕೈಯನ್ನು ಮರೆಯುವವರೇ ಬಹಳ.

ಎಚ್ಚರಿಕೆಯ ಮಾತೂ ಉಂಟು. ಕಲೆ ಹೋಗಲೆಂದು ಲಿಂಬೆಯ ರಸವನ್ನು ತಿಕ್ಕಿಕೊಂಡು ಬಿಸಿಲಿಗೆ ಹೋದರೆ ಚರ್ಮವು ಬೆಂದಂತಾಗಿ, ಮೊದಲಿದ್ದುದಕ್ಕಿಂತ ಕಪ್ಪಾದ ಕಲೆ ಉಳಿಯುತ್ತದೆ. ಬೆಳ್ಳಗಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇದ್ದರೆ, ಮೊದಲು ನುಣುಪಾಗಿ ತೋರಿದ ಚರ್ಮವು ಕ್ರಮೇಣ ಕಾಗದದಂತೆ ತೆಳ್ಳಗಾಗುತ್ತದೆ. ಅಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರವು 2018ರಲ್ಲಿ ವಿಧಿಸಿದೆ. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿಗೆ ಕೊರತೆಯಿಲ್ಲ. ಹೈಡ್ರೋಕ್ವಿನೋನ್ ಎಂಬುದನ್ನು ಅಳತೆಯಿಲ್ಲದೆ ಬಹುಕಾಲ ಹಚ್ಚಿದರೆ ತೆಗೆಯಲಾಗದ ನೀಲಿಗಪ್ಪು ಬಣ್ಣ ಕೂಡುವುದುಂಟು. ಚರ್ಮವೈದ್ಯರು ರಾತ್ರಿ ಹಚ್ಚಲು ಕೊಡುವ ಟ್ರೆಟಿನಾಯಿನ್ ತಿಂಗಳುಗಟ್ಟಲೆ ಬಳಸಿದರೆ ಸ್ವಲ್ಪ ಗುಣ ಕೊಡುತ್ತದೆ. ಬಸುರಿಯರು ಅದನ್ನು ಮುಟ್ಟಬಾರದು.

ಇದಕ್ಕೂ ಮುಂದೆ ಹೋದವರಿದ್ದಾರೆ. ಲೇಸರ್ ಕಿರಣದಿಂದ ಚುಕ್ಕೆಗಳನ್ನು ಸುಡುವುದು, ತೊಡೆಯ ಅಥವಾ ಹೊಟ್ಟೆಯ ಕೊಬ್ಬನ್ನು ತೆಗೆದು ಮುಂಗೈಗೆ ತುಂಬುವುದು, ಫಿಲ್ಲರ್ ಎಂಬ ದ್ರವ್ಯವನ್ನು ಸೂಜಿಯಿಂದ ಚರ್ಮದಡಿಗೆ ಸೇರಿಸಿ ಎದ್ದ ನರಗಳನ್ನು ಮರೆಮಾಡುವುದು, ಇವೆಲ್ಲ ಈಗ ನಗರಗಳಲ್ಲಿ ನಡೆಯುತ್ತಿವೆ. ಎಲುಬಿನಲ್ಲಿರುವ ಸುಣ್ಣದಂಶವನ್ನೇ ಹೋಲುವ ಒಂದು ಫಿಲ್ಲರನ್ನು ಕೈಗೆ ತುಂಬಲು ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯು 2015ರಲ್ಲಿ ಒಪ್ಪಿಗೆ ಕೊಟ್ಟಿತು. ತುಂಬಿದ್ದು ಒಂದೆರಡು ವರ್ಷದೊಳಗೆ ಕರಗುತ್ತದೆ, ಮತ್ತೆ ತುಂಬಿಸಬೇಕು. ನಮ್ಮಂತಹ ಶ್ಯಾಮಲ ವರ್ಣದವರಿಗೆ ಲೇಸರ್ ತಪ್ಪಿದರೆ ಹೊಸ ಕಲೆಗಳೇ ಏಳುವ ಭಯವೂ ಇದೆ. ಸುಟ್ಟಗಾಯದವರಿಗೂ ರೋಗಿಗಳಿಗೂ ಈ ವಿದ್ಯೆಯು ಉಪಕಾರವಾದೀತು, ಅದನ್ನು ನಿಂದಿಸಲಾಗದು. ಆದರೆ ಕೈಯು ಮಾಡಿದ ಕೆಲಸವನ್ನು ಅಳಿಸಿಹಾಕಲೆಂದೇ ಹಣ ಸುರಿಯುವುದು ಶರಣಮಾರ್ಗದವರಿಗೆ ಒಪ್ಪುವಂತಹುದಲ್ಲ. ಯಾತಕ್ಕೆಂದರೆ ಆ ಮಾರ್ಗದಲ್ಲಿ ಕೈಗೆ ಗೌರವ ಬಂದುದೇ ಕೆಲಸದಿಂದ.

ಮೋಳಿಗೆಯ ಮಾರಯ್ಯನವರ ಕಥೆಯನ್ನು ನೆನೆಯಬೇಕು. ಕಾಶ್ಮೀರದ ಅರಸನಾಗಿದ್ದವನು ರಾಜ್ಯವನ್ನು ಬಿಟ್ಟು, ಪತ್ನಿ ಮಹಾದೇವಿಯಮ್ಮನೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಜಂಗಮದಾಸೋಹ ನಡೆಸಿದನೆಂದು ಪರಂಪರೆಯು ಹೇಳುತ್ತದೆ. ಅರಸನ ಅಂಗೈ ಕಟ್ಟಿಗೆ ಹೊರುವವನ ಅಂಗೈಯಾಗಲು ಎಷ್ಟು ದಿನ ಬೇಕಾಯಿತೋ! ಆ ಅಂಗೈಯ ಮೇಲೆಯೇ ಇಷ್ಟಲಿಂಗವೂ ಇತ್ತು. ಜಡ್ಡುಗಟ್ಟಿದ ಚರ್ಮದ ಮೇಲೆ ಲಿಂಗವು ಕುಳಿತುಕೊಳ್ಳಲಾರದೆಂದು ಯಾವ ಶರಣನೂ ಹೇಳಲಿಲ್ಲ. ನುಲಿಯ ಚಂದಯ್ಯನವರ ಪ್ರಸಂಗವು ಇನ್ನೂ ತೀಕ್ಷ್ಣವಾದುದು. ಹುಲ್ಲು ಕೊಯ್ಯುವಾಗ ಕೊರಳ ಲಿಂಗವು ನೀರಿಗೆ ಜಾರಿದರೂ ಆತನು ಕಾಯಕವನ್ನು ಬಿಡದೆ ಹುಲ್ಲಿನ ಹೊರೆಯೊಡನೆ ನಡೆದನು, ಲಿಂಗವೇ ಆತನ ಹಿಂದೆ ಬಂದಿತು ಎಂದು ಕಥೆ. ಕಡಲತೀರದ ಹಳ್ಳಿಗಳಲ್ಲಿ ತೆಂಗಿನ ನಾರನ್ನು ಅಂಗೈಯಲ್ಲಿ ಹೊಸೆದು ಹಗ್ಗ ಮಾಡುವವರನ್ನು ಕಂಡವರಿಗೆ ಚಂದಯ್ಯನವರ ಕೈ ಹೇಗಿದ್ದೀತೆಂದು ಬೇರೆ ವಿವರಿಸಬೇಕಾಗಿಲ್ಲ.

ಹೀಗೆ ಸವೆದ ಕೈಗೆ ಈ ಕಾಲದಲ್ಲಿ ಒದಗಿರುವ ಒಂದು ಕಷ್ಟವನ್ನು ಹೇಳದೆ ಬಿಡುವಂತಿಲ್ಲ. ಸುಕ್ಕು ಚುಕ್ಕೆಗಳಿಗಿಂತ ಅದೇ ದೊಡ್ಡದು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಯಂತ್ರದ ಮೇಲೆ ತಂಬು ಕೊಡಬೇಕು. ವಯಸ್ಸಿನಿಂದ ಒಣಗಿದ, ದುಡಿಮೆಯಿಂದ ಸವೆದ ಬೆರಳಿನ ಗೆರೆಗಳು ಯಂತ್ರಕ್ಕೆ ಕಾಣುವುದಿಲ್ಲ. ಜೀವಮಾನವೆಲ್ಲ ದುಡಿದ ಕೈ ತನ್ನದೆಂದು ಸಾಬೀತಾಗದೆ ಮುದುಕಿಯು ಖಾಲಿ ಚೀಲದೊಡನೆ ಮನೆಗೆ ಮರಳುವ ಪ್ರಸಂಗಗಳು ನಾಡಿನಲ್ಲಿ ಅಪರೂಪವಲ್ಲ. ಮನೆಯ ಮಕ್ಕಳು ಇದನ್ನು ನಕ್ಕು ಬಿಡಬಾರದು. ಹಿರಿಯರ ಬೆರಳಿಗೆ ಹಿಂದಿನ ರಾತ್ರಿಗಳಲ್ಲಿ ತುಪ್ಪವನ್ನೋ ಎಣ್ಣೆಯನ್ನೋ ತಿಕ್ಕಿ, ಬೆಳಿಗ್ಗೆ ತೊಳೆದು ಒರೆಸಿ ಕರೆದೊಯ್ದರೆ ಕೆಲವೊಮ್ಮೆ ಗೆರೆ ಮೂಡುತ್ತದೆ. ಒಂದು ಬೆರಳು ಆಗದಿದ್ದರೆ ಬೇರೆ ಬೆರಳನ್ನು ಇಡಿಸಬೇಕು. ಆಧಾರ್ ಕೇಂದ್ರಕ್ಕೆ ಕರೆದೊಯ್ದು ಬೆರಳಚ್ಚನ್ನು ಹೊಸದಾಗಿ ಕೊಡಿಸಬೇಕು. ನಿವೃತ್ತಿವೇತನದವರು 2014ರಿಂದ ಜೀವನ್ ಪ್ರಮಾಣ್ ಮೂಲಕ ಬೆರಳಚ್ಚಿನಿಂದ ಕೊಡುತ್ತಿದ್ದ ಜೀವಂತ ಪ್ರಮಾಣಪತ್ರವನ್ನು 2021ರಿಂದ ಮುಖವನ್ನು ತೋರಿಸಿಯೂ ಕೊಡಬಹುದಾಗಿದೆ. ಕೈ ನಡುಗಿ ಲಿಂಗವನ್ನು ಎತ್ತಿ ಹಿಡಿಯಲಾರದ ವೃದ್ಧರಿಗೆ ಪೂಜೆಯ ಹೊತ್ತಿನಲ್ಲಿ ಮೊಣಕೈಯ ಕೆಳಗೆ ಒಂದು ಮಣೆಯನ್ನೋ ದಿಂಬನ್ನೋ ಇಡುವುದು ಸಹ ಮಗನಾದವನ ದಾಸೋಹವೇ ಸರಿ.

ಗೇರುಸೊಪ್ಪೆಯ ಕಡೆಯ ಆ ಗೃಹಿಣಿಗೆ ಅಯ್ಯನವರು ಅಂದು ಹೇಳಿದುದು ಹೆಚ್ಚೇನಿಲ್ಲ. “ತಾಯೀ, ಮುರುಗಲ ತುಪ್ಪ ಹಚ್ಚಿಕೊಳ್ಳಿ, ಚರ್ಮ ಒಡೆದು ನೋಯಬಾರದು. ಆದರೆ ಒಳಕೋಣೆಯಲ್ಲಿ ಕೂರಬೇಡಿ. ನಿಮ್ಮ ಮನೆಗೆ ಬರುವ ಸೊಸೆ ಪೂಜೆಯನ್ನು ಕಲಿಯಬೇಕಾದುದು ಈ ಕೈ ನೋಡಿಯೇ,” ಎಂದರು. ಆಕೆ ಒಪ್ಪಿದಳೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ವೈಶಾಖದಲ್ಲಿ ಮದುವೆಯಾಯಿತು. ಅಡಿಕೆಯ ಕೆಲಸ ಮುಗಿದಿದ್ದುದರಿಂದ ಕರೆ ತಾನಾಗಿಯೇ ಮಾಸಿತ್ತು. ಚುಕ್ಕೆಗಳು ಇದ್ದಲ್ಲಿಯೇ ಇದ್ದವು. ಆರತಿಯ ತಟ್ಟೆಯನ್ನು ಆಕೆಯೇ ಹಿಡಿದಳು. ಮರುದಿನ ಬೆಳಿಗ್ಗೆ ಸಾಲಿನಲ್ಲಿ ಹೊಸ ಸೊಸೆಯ ಪಕ್ಕ ಕುಳಿತು, ಕೈಗೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದುಕೊಂಡಳು.